ಮುಳಗಾಯಿಯ ಕಾಡು ಬಳಗ: ಧಾರವಾಡ, ಗದಗ, ಹಾವೇರಿ ಸೀಮೆಯಲ್ಲಿ ಬದನೆ ಕುಟುಂಬದ ಗಿಡಗಳನ್ನು ಗುರುತಿಸಿ ವರ್ಗೀಕರಿಸುವ ಬಗೆ

ಮಳೆ ಹಿಡಿದು ತಿಂಗಳು ಕಳೆಯುವಷ್ಟರಲ್ಲಿ ನಮ್ಮ ಕಡೆಯ ತಿಪ್ಪೆ, ಹೊಲದ ಬದು, ರೈಲು ಹಳಿಯ ಮಗ್ಗುಲು, ಮನೆ ಕಟ್ಟದೆ ಬಿಟ್ಟ ಸೈಟು, ಎಲ್ಲಿ ನೋಡಿದರೂ ಬದನೆ ಕುಟುಂಬದ ಒಂದಿಲ್ಲೊಂದು ಗಿಡ ಎದ್ದು ನಿಂತಿರುತ್ತದೆ. ಸಸ್ಯಶಾಸ್ತ್ರದಲ್ಲಿ ಸೊಲನೇಸಿ ಎಂದು ಕರೆಯುವ ಈ ಕುಟುಂಬದಲ್ಲಿ ಜಗತ್ತಿನಾದ್ಯಂತ ಸುಮಾರು 100 ಕುಲಗಳು, 2,700ರಷ್ಟು ಪ್ರಭೇದಗಳಿವೆ. ಸೊಲಾನಮ್ ಎಂಬ ಒಂದೇ ಕುಲದ ಪಾಲು 1,200ಕ್ಕೂ ಹೆಚ್ಚು. ಸಂಖ್ಯೆ ಕೇಳಿ ಗಾಬರಿ ಬೇಡ. ಹುಬ್ಬಳ್ಳಿಯಿಂದ ಹಾವೇರಿವರೆಗೆ ಯಾರೂ ಬಿತ್ತದೆ ತಾನೇ ಹುಟ್ಟುವ ಗಿಡಗಳಲ್ಲಿ ಪದೇ ಪದೇ ಕಣ್ಣಿಗೆ ಬೀಳುವವು ಆರೇಳು ಕುಲಗಳ ಒಳಗೇ ಬರುತ್ತವೆ.

ಹೂವಿನ ಬಣ್ಣ ಮತ್ತು ಎಲೆಯ ಆಕಾರ ನಂಬಿ ಹೆಸರು ಹೇಳಹೊರಟರೆ ಈ ಕುಟುಂಬ ಕೈಕೊಡುತ್ತದೆ. ನೆರಳಲ್ಲಿ ಬೆಳೆದ ಗಣಿಕೆಯ ಎಲೆ ಅಂಗೈಯಗಲ, ಅದೇ ಗಿಡ ಬಿಸಿಲಿಗೆ ಬಿದ್ದರೆ ಬೆರಳಗಲ. ನೇರಳೆ ಹೂವಿನ ಗುಂಪಿನಲ್ಲಿ ಬಿಳಿ ಹೂವಿನದೊಂದು ಬಂದೇ ಬರುತ್ತದೆ. ಆದರೆ ಕಾಯಿಯ ಬುಡದಲ್ಲಿರುವ ಹಸಿರು ಟೊಪ್ಪಿಗೆ, ಅಂದರೆ ಪುಷ್ಪಪಾತ್ರೆ, ಹಾಗೆಲ್ಲ ಬದಲಾಗುವುದಿಲ್ಲ. ಕುಲ ಯಾವುದು ಅನ್ನುವುದನ್ನು ಬಹುಮಟ್ಟಿಗೆ ಅದನ್ನು ನೋಡಿಯೇ ಹೇಳಬಹುದು. ಅದಕ್ಕೇ ಈ ಮಾರ್ಗದರ್ಶಿಯಲ್ಲಿ ಹೂವಿಗಿಂತ ಕಾಯಿಗೆ, ಕಾಯಿಗಿಂತ ಅದರ ತೊಟ್ಟಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹೊರಡುವ ಮೊದಲು

ಗುರುತಿಸಲು ಯಾವ ಹಣ್ಣನ್ನೂ ಬಾಯಿಗೆ ಹಾಕಬೇಡಿ, ಎಲೆ ಕಚ್ಚಿ ರುಚಿ ನೋಡಬೇಡಿ. ಈ ಕುಟುಂಬದ ಬಹುಪಾಲು ಗಿಡಗಳಲ್ಲಿ ಒಂದಲ್ಲ ಒಂದು ಆಲ್ಕಲಾಯ್ಡ್, ಅಂದರೆ ವಿಷವಾಗಬಲ್ಲ ಸಸ್ಯರಾಸಾಯನಿಕ, ಇದೆ. ದತ್ತೂರಿಯ ಬೇರು, ಎಲೆ, ಹೂ, ಬೀಜ ಎಲ್ಲದರಲ್ಲೂ ಹಯೋಸಯಮೀನ್, ಸ್ಕೋಪೊಲಮೀನ್, ಅಟ್ರೋಪೀನ್ ಇರುತ್ತವೆ. ಹೊಟ್ಟೆಗೆ ಹೋದರೆ ಬಾಯಿ ಒಣಗುತ್ತದೆ, ಮುಖ ಕೆಂಪಾಗುತ್ತದೆ, ಮೈ ಕಾಯುತ್ತದೆ, ಕಣ್ಣಿನ ಪಾಪೆ ಅಗಲವಾಗುತ್ತದೆ, ಮೂತ್ರ ಕಟ್ಟುತ್ತದೆ, ಮನುಷ್ಯ ಏನೇನೋ ಬಡಬಡಿಸತೊಡಗುತ್ತಾನೆ. ಹಾಗಾದಾಗ ಮನೆಮದ್ದು ಮಾಡುತ್ತ, ವಾಂತಿ ಮಾಡಿಸುತ್ತ ಕೂರದೆ 108ಕ್ಕೆ ಕರೆ ಮಾಡಿ. ಆಸ್ಪತ್ರೆಗೆ ಹೋಗುವಾಗ ಗಿಡದ ಒಂದು ತುಂಡನ್ನೂ ಒಯ್ಯಿರಿ, ವೈದ್ಯರಿಗೆ ಅರ್ಧ ಕೆಲಸ ಉಳಿಯುತ್ತದೆ. ದತ್ತೂರಿ ಮುಟ್ಟಿದ ಕೈಯಿಂದ ಕಣ್ಣುಜ್ಜಿದರೂ ಪಾಪೆ ಹಿಗ್ಗಿ, ಓದುವುದಕ್ಕೆ ಆಗದಷ್ಟು ಮಂಜು ಕವಿಯಬಹುದು. ಒಂದು ಸಾಬೂನಿನ ತುಂಡು ಚೀಲದಲ್ಲಿರಲಿ.

ಗದಗ ಜಿಲ್ಲೆಯ ಕಪ್ಪತಗುಡ್ಡ ವನ್ಯಜೀವಿ ಧಾಮ. ರಾಣೆಬೆನ್ನೂರಿನ ಕೃಷ್ಣಮೃಗ ಧಾಮವೂ ಹಾಗೆಯೇ. ಅನುಮತಿ ಇಲ್ಲದೆ ಅಲ್ಲಿ ಒಂದು ಎಲೆಯನ್ನೂ ಕೀಳುವ ಹಾಗಿಲ್ಲ, ಫೋಟೋ ಸಾಕು. ನಿಜ ಹೇಳಬೇಕೆಂದರೆ ಈ ಕುಟುಂಬಕ್ಕಾಗಿ ಗುಡ್ಡ ಹತ್ತುವ ಅಗತ್ಯವೇ ಇಲ್ಲ. ಇವು ಜನವಸತಿಯ ಗಿಡಗಳು. ಕಸ, ಗೊಬ್ಬರ, ಅಗೆದ ಮಣ್ಣು ಇದ್ದಲ್ಲಿ ಇವೂ ಇರುತ್ತವೆ.

ಹಂತ 1: ಅಡುಗೆಮನೆಯಲ್ಲಿ ಕಣ್ಣು ಪಳಗಿಸಿ

ಸಂತೆಯಿಂದ ಮುಳಗಾಯಿ (ಬದನೆಕಾಯಿ), ಟೊಮೆಟೊ, ಹಸಿಮೆಣಸಿನಕಾಯಿ ತನ್ನಿ. ಎಣಗಾಯಿ ಮಾಡುವ ಮೊದಲು ಮೂರನ್ನೂ ಸಾಲಾಗಿಟ್ಟು ತೊಟ್ಟು ನೋಡಿ. ಮುಳಗಾಯಿಯ ಟೊಪ್ಪಿಗೆ ದಪ್ಪ, ಕಾಯಿಯನ್ನು ಹಿಡಿದುಕೊಂಡಿರುತ್ತದೆ, ಮೇಲೆ ಸಣ್ಣ ಮುಳ್ಳು. ಟೊಮೆಟೊದ್ದು ಐದಾರು ಎಳೆಗಳಾಗಿ ಹಿಂದಕ್ಕೆ ಬಾಗಿರುತ್ತದೆ. ಮೆಣಸಿನಕಾಯಿಯದು ಹಲ್ಲುಗಳಿಲ್ಲದ ಪುಟ್ಟ ಬಟ್ಟಲು. ಬ್ಯಾಡಗಿ ಒಣಮೆಣಸಿನಕಾಯಿ ಇದ್ದರೆ ಅದರ ತೊಟ್ಟನ್ನೂ ಬಿಡಿಸಿ ನೋಡಿ, ಒಣಗಿದ ಮೇಲೂ ಬಟ್ಟಲು ಹಾಗೇ ಇರುತ್ತದೆ. ಹೂ ಉದುರಿದ ಮೇಲೂ ಪುಷ್ಪಪಾತ್ರೆ ಕಾಯಿಯ ಜೊತೆ ಉಳಿಯುವುದು ಈ ಕುಟುಂಬದ ಗುಣ.

ಈಗ ಮುಳಗಾಯಿಯನ್ನು ಅಡ್ಡಕ್ಕೆ ಕೊಯ್ಯಿರಿ. ನಡುವಿನ ತಿರುಳಿಗೆ ಅಂಟಿಕೊಂಡು ಬೀಜಗಳು ಕಿಕ್ಕಿರಿದಿರುತ್ತವೆ. ಮೆಣಸಿನಕಾಯಿಯನ್ನು ತೊಟ್ಟಿನ ಹತ್ತಿರ ಕೊಯ್ದರೆ ಎರಡು ಕೋಣೆ, ಕೆಲವೊಮ್ಮೆ ಮೂರು, ನಡುಗೋಡೆಗೆ ಹತ್ತಿದ ಬೀಜ. ಕಾಡಿನ ಬಂಧುಗಳಲ್ಲೂ ಇದೇ ವಿನ್ಯಾಸ, ಗಾತ್ರ ಮಾತ್ರ ಬಟಾಣಿಯಷ್ಟು. ದೊಡ್ಡದರಲ್ಲಿ ನೋಡಿ ಪಳಗಿದ ಕಣ್ಣಿಗೆ ಚಿಕ್ಕದರಲ್ಲಿ ಹುಡುಕುವುದು ಕಷ್ಟವಾಗುವುದಿಲ್ಲ.

ಹಂತ 2: ಕಾಲ, ಜಾಗ, ಸಾಮಾನು

ಹೂವೂ ಕಾಯಿಯೂ ಒಟ್ಟಿಗೆ ಇರುವ ಗಿಡವೇ ಬೇಕು. ಆಗಸ್ಟ್ ಕೊನೆಯಿಂದ ನವೆಂಬರ್‌ವರೆಗೆ ಒಳ್ಳೆಯ ಕಾಲ. ನೆಲಗುಳ್ಳಕ್ಕೆ ಮಾತ್ರ ಬೇಸಿಗೆಯೇ ಸರಿ, ಉಳಿದದ್ದೆಲ್ಲ ಸುಟ್ಟುಹೋದ ನೆಲದಲ್ಲಿ ಅದೊಂದೇ ಹಸಿರಾಗಿ ನೇರಳೆ ಹೂ ಬಿಟ್ಟಿರುತ್ತದೆ.

ಪಶ್ಚಿಮದಿಂದ ಪೂರ್ವಕ್ಕೆ ಬಂದಂತೆ ಮಳೆ ಕಡಿಮೆ, ಗಿಡಗಳೂ ಬದಲು. ಅಳ್ನಾವರ, ಕಲಘಟಗಿ, ಹಾನಗಲ್ ಕಡೆಯ ತೇವದ ಬೇಲಿಗಳಲ್ಲಿ ಸೊಂಡೆಯಂಥ ಎತ್ತರದ ಪೊದೆಗಳನ್ನು ಹುಡುಕಿ. ಗದಗ, ರೋಣ, ನರಗುಂದದ ಎರಿ ಹೊಲಗಳ ಬದಿಯಲ್ಲಿ ಹಿರೇಮದ್ದು, ನೆಲಗುಳ್ಳ, ದತ್ತೂರಿಗಳ ಕಾರುಬಾರು. ಊರೊಳಗಾದರೆ ಉಣಕಲ್ ಕೆರೆಯ ದಂಡೆ, ಕೆಲಗೇರಿ ಕೆರೆಯ ಸುತ್ತ, ಚರಂಡಿಯ ಪಕ್ಕದ ತೇವ. ಅಲ್ಲಿ ಗಣಿಕೆ ಮತ್ತು ಗುಪ್ಪಟೆ ನೋಡಿ.

ಸಾಮಾನು ಹೆಚ್ಚಿಲ್ಲ: 10 ಪಟ್ಟು ದೊಡ್ಡದು ಮಾಡುವ ಮಡಚುವ ಭೂತಗನ್ನಡಿ, ಮಿಲಿಮೀಟರ್ ಗುರುತಿರುವ ಸಣ್ಣ ಪಟ್ಟಿ, ಬ್ಲೇಡು, ದಪ್ಪ ಕೈಗವಸು, ಪೆನ್ಸಿಲ್ಲು, ನೋಟ್‌ಬುಕ್ಕು, ಹಳೆ ಪೇಪರ್ ಕಟ್ಟು. ಭೂತಗನ್ನಡಿಯನ್ನು ಕಣ್ಣಿಗೆ ತೀರ ಹತ್ತಿರ ಹಿಡಿದು ಗಿಡವನ್ನೇ ಅದರ ಬಳಿ ತರಬೇಕು. ಮೊಬೈಲ್ ಕ್ಯಾಮರಾ ಭೂತಗನ್ನಡಿಯ ಕೆಲಸ ಸುಮಾರಾಗಿ ಮಾಡುತ್ತದೆ. ಎಲೆಯ ಮೇಲಿನ ರೋಮದ ಆಕಾರ ಮಾತ್ರ ಅದರಲ್ಲಿ ತಿಳಿಯುವುದು ಕಷ್ಟ.

ಹಂತ 3: ಇದು ಬದನೆ ಕುಟುಂಬವೇ ಅಂತ ಖಾತ್ರಿ ಮಾಡಿಕೊಳ್ಳಿ

ಎಲೆಗಳು ಎದುರುಬದುರಾಗಿರದೆ ಒಂದಾದ ಮೇಲೊಂದು ಬರಬೇಕು. ಹೂ ಬಿಡುವ ಕೊಂಬೆಯಲ್ಲಿ ಮಾತ್ರ ದೊಡ್ಡ ಎಲೆಯ ಪಕ್ಕದಲ್ಲೇ ಸಣ್ಣದೊಂದು ಅಂಟಿಕೊಂಡ ಹಾಗೆ ಜೋಡಿ ಕಾಣಬಹುದು, ಅದು ಈ ಕುಟುಂಬದ ಚಾಳಿ. ಎಲೆಯ ತೊಟ್ಟಿನ ಬುಡದಲ್ಲಿ ಉಪಪತ್ರ, ಅಂದರೆ ಪುಟ್ಟ ಎಲೆಯಂಥ ಅಂಗ, ಇರಬಾರದು. ಹೂವಿನ ದಳಗಳು ಐದು, ಬುಡದಲ್ಲಿ ಒಂದಕ್ಕೊಂದು ಬೆಸೆದಿರಬೇಕು, ಕೇಸರಗಳೂ ಐದು, ಅವು ದಳಕ್ಕೆ ಅಂಟಿರಬೇಕು. ಅಂಡಾಶಯ, ಅಂದರೆ ಮುಂದೆ ಕಾಯಾಗುವ ಭಾಗ, ದಳಗಳು ಹುಟ್ಟುವ ಜಾಗದ ಮೇಲಿರಬೇಕು. ಎಲೆ ಮುರಿದರೆ ಹಾಲು ಬರಬಾರದು.

ಈ ಕೊನೆಯ ಪರೀಕ್ಷೆ ಬಹಳ ಉಪಯೋಗಿ. ಕೆರೆ ದಂಡೆಗಳಲ್ಲಿ ಪೀಪಿಯಾಕಾರದ ಗುಲಾಬಿ ಹೂ ಬಿಡುವ ಬೇಶರಮ್ ಗಿಡ ದೂರದಿಂದ ದತ್ತೂರಿಯ ನಂಟಿನಂತೆ ಕಾಣುತ್ತದೆ. ತೊಟ್ಟು ಮುರಿದರೆ ಹಾಲು ಒಸರುತ್ತದೆ. ಅದು ಗೆಣಸಿನ ಕುಟುಂಬದ್ದು. ಆ ಕುಟುಂಬ ಬದನೆ ಕುಟುಂಬಕ್ಕೆ ಅತ್ಯಂತ ಹತ್ತಿರದ ಸಂಬಂಧಿ, ಹಾಗಾಗಿ ಹೋಲಿಕೆ ಇರುವುದು ಸಹಜ.

ಇನ್ನೊಂದು ಮೋಸ ಹೆಸರಿನಿಂದಲೇ ಆಗುತ್ತದೆ. ಹಳದಿ ಹೂವಿನ, ಬಿಳಿ ನರಗಳ ಮುಳ್ಳೆಲೆಯ ಅರಿಸಿನ ಉಮ್ಮತ್ತಿಯನ್ನೂ ಹಲವರು ದತ್ತೂರಿ ಅನ್ನುತ್ತಾರೆ. ಮುರಿದರೆ ಹಳದಿ ಹಾಲು, ಬಿಡಿಬಿಡಿ ದಳ, ಲೆಕ್ಕವಿಲ್ಲದಷ್ಟು ಕೇಸರ. ಅದು ಗಸಗಸೆಯ ಕುಟುಂಬ. ಸಾಸಿವೆ ಎಣ್ಣೆಯಲ್ಲಿ ಅದರ ಬೀಜದ ಎಣ್ಣೆ ಬೆರೆತು ಜನ ಕಾಲು ಬಾತು ಸತ್ತ ಪ್ರಕರಣಗಳು ನಮ್ಮ ದೇಶದಲ್ಲಿ ಆಗಿವೆ. ದತ್ತೂರಿಯ ವಿಷ ಬೇರೆ, ಇದರ ವಿಷ ಬೇರೆ. ಕಾಯಿಗೆ ಮುಳ್ಳಿದೆ ಎಂಬ ಒಂದೇ ಕಾರಣಕ್ಕೆ ಔಡಲವನ್ನೋ, ಬಟ್ಟೆಗೆ ಹತ್ತುವ ಮರುಳುಮತ್ತಿಯನ್ನೋ ಈ ಪಟ್ಟಿಗೆ ಸೇರಿಸಬೇಡಿ.

ಹಂತ 4: ಪುಷ್ಪಪಾತ್ರೆ ನೋಡಿ ಕುಲ ಹೇಳಿ

ಬಲಿತ ಕಾಯಿ ಇರುವ ಕೊಂಬೆ ಹಿಡಿದು, ಟೊಪ್ಪಿಗೆ ಏನಾಗಿದೆ ಎಂದು ಕೇಳಿಕೊಳ್ಳಿ.

- ಕಾಯಿಯ ಬುಡದಲ್ಲೇ ಚಿಕ್ಕದಾಗಿ ಉಳಿದಿದೆ, ಕಾಯಿ ಪೂರ್ತಿ ಹೊರಗೆ ಕಾಣುತ್ತದೆ, ರಸ ತುಂಬಿದ ಗುಂಡು ಹಣ್ಣು: ಸೊಲಾನಮ್.
- ಹಿಗ್ಗಿ ಆಕಾಶಬುಟ್ಟಿಯಂತೆ ಹಣ್ಣನ್ನು ಸಡಿಲವಾಗಿ ಮುಚ್ಚಿದೆ, ಮೇಲೆ ಏಣುಗಳು, ಗಿಡ ಮೆತ್ತಗಿನದು: ಫೈಸಾಲಿಸ್, ನಮ್ಮ ಗುಪ್ಪಟೆ.
- ಹಿಗ್ಗಿ ಮುಚ್ಚಿದೆ, ಆದರೆ ಬುಟ್ಟಿ ಚಿಕ್ಕದು, ಒಳಗೆ ಕೆಂಪು ಹಣ್ಣು, ಗಿಡವಿಡೀ ಬೂದು ತುಪ್ಪಟ: ವಿಥಾನಿಯಾ, ಹಿರೇಮದ್ದು ಅಥವಾ ಅಶ್ವಗಂಧ.
- ಹಿಗ್ಗಿದೆ, ಆದರೆ ಬುಡದವರೆಗೂ ಐದು ಭಾಗವಾಗಿ ಸೀಳಿದೆ, ಪ್ರತಿ ಭಾಗಕ್ಕೂ ಬುಡದಲ್ಲಿ ಎರಡು ಚೂಪು ಕಿವಿ: ನಿಕಾಂಡ್ರಾ.
- ಉದ್ದ ಕೊಳವೆಯಾಗಿದ್ದದ್ದು ಬುಡದ ಹತ್ತಿರ ಸುತ್ತಲೂ ಹರಿದು ಬಿದ್ದಿದೆ, ಕಾಯಿಯ ಕೆಳಗೆ ಬಳೆಯಾಕಾರದ ಅಂಚು ಮಾತ್ರ ಉಳಿದಿದೆ, ಕಾಯಿಗೆ ಮುಳ್ಳು: ದತ್ತೂರಾ.
- ಒಣಕಾಯಿಯನ್ನು ತಬ್ಬಿಕೊಂಡಿದೆ, ಬೀಜ ಪುಡಿಯಷ್ಟು ಸಣ್ಣ: ನಿಕೋಟಿಯಾನಾ, ಕಾಡು ಹೊಗೆಸೊಪ್ಪು.

ದತ್ತೂರಿಯ ಆ ಅಂಚನ್ನು ಒಮ್ಮೆ ಕೈಯಾರೆ ತಡವಿ ನೋಡಿ. ಹೂ ಬಾಡಿದ ಮೇಲೆ ಕೊಳವೆಯ ಮೇಲ್ಭಾಗ ಕತ್ತರಿಸಿದಂತೆ ಕಳಚಿ ಬೀಳುತ್ತದೆ. ಬುಡದ ತುಂಡು ಮಾತ್ರ ಬೆಳೆಯುತ್ತ ಹೋಗಿ ಕೆಳಕ್ಕೆ ಮಡಚಿಕೊಳ್ಳುತ್ತದೆ. ಬೇರೆ ಯಾವ ಲಕ್ಷಣವೂ ಸಿಗದ ಒಣಗಿದ ಗಿಡದಲ್ಲೂ ಇದು ಸಿಗುತ್ತದೆ.

ಬುಟ್ಟಿಯ ಈ ಉಪಾಯ ಇಂದು ನಿನ್ನೆಯದಲ್ಲ. ಅರ್ಜೆಂಟೀನಾದ ಪ್ಯಾಟಗೋನಿಯಾದಲ್ಲಿ ಸಿಕ್ಕ ಗುಪ್ಪಟೆಯ ಪಳೆಯುಳಿಕೆಗೆ 5.2 ಕೋಟಿ ವರ್ಷ ವಯಸ್ಸು. 2017ರಲ್ಲಿ ಅದರ ವಿವರ ಪ್ರಕಟವಾದಾಗ, ಈ ಕುಟುಂಬ ಹಿಂದೆ ಎಣಿಸಿದ್ದಕ್ಕಿಂತ ಹಳೆಯದೆಂದು ತಿಳಿಯಿತು.

ಹಂತ 5: ಸೊಲಾನಮ್ ಒಳಗೆ ಇಳಿಯಿರಿ

ಹೆಚ್ಚು ಹೊತ್ತು ಹಿಡಿಯುವುದು, ಹೆಚ್ಚು ಖುಷಿ ಕೊಡುವುದು ಈ ಹಂತವೇ. ಮೊದಲು ಹೂವಿನ ನಡುವಿನ ಪರಾಗಕೋಶಗಳನ್ನು ನೋಡಿ. ಸೊಲಾನಮ್‌ನಲ್ಲಿ ಐದು ಹಳದಿ ಕೋಶಗಳು ಒಟ್ಟಾಗಿ ಶಂಕುವಿನಂತೆ ನಿಂತಿರುತ್ತವೆ, ತುದಿಯಲ್ಲಿ ರಂಧ್ರವಿರುತ್ತದೆ. ಪರಾಗ ಹೊರಬರುವುದು ಆ ರಂಧ್ರದಿಂದಲೇ. ಹೂವಿನಲ್ಲಿ ಮಕರಂದವೂ ಇಲ್ಲ.

ಬೆಳಿಗ್ಗೆ ನೆಲಗುಳ್ಳದ ಹೂವಿನ ಮುಂದೆ ಸ್ವಲ್ಪ ಹೊತ್ತು ಕುಕ್ಕರಗಾಲಲ್ಲಿ ಕೂತರೆ ಇದರ ಪರಿಣಾಮ ಕಾಣುತ್ತದೆ. ಜೇನ್ನೊಣ ಬರುತ್ತದೆ, ಸುತ್ತು ಹಾಕುತ್ತದೆ, ಹೆಚ್ಚೇನೂ ಸಿಗದೆ ಹೋಗುತ್ತದೆ. ಕಪ್ಪು ಬಡಗಿ ದುಂಬಿ ಅಥವಾ ನೀಲಿ ಪಟ್ಟೆಯ ದುಂಬಿ ಬಂದರೆ ಕತೆ ಬೇರೆ. ಐದೂ ಕೋಶಗಳನ್ನು ಕಾಲಿನಿಂದ ತಬ್ಬಿ, ರೆಕ್ಕೆ ಬಡಿಯದೆ ಎದೆಯ ಸ್ನಾಯುಗಳನ್ನಷ್ಟೇ ನಡುಗಿಸುತ್ತದೆ. ಝುಂಯ್ ಎನ್ನುವ ದನಿ ಒಮ್ಮೆಲೇ ಏರುತ್ತದೆ, ಹೂ ಅದುರುತ್ತದೆ, ತುದಿಯ ರಂಧ್ರದಿಂದ ಪರಾಗದ ಹಳದಿ ಪುಡಿ ದುಂಬಿಯ ಹೊಟ್ಟೆಗೆ ಸಿಡಿಯುತ್ತದೆ. ದುಂಬಿ ಬಾರದಿದ್ದರೆ ಶಾಲೆಯ ಪ್ರಯೋಗಾಲಯದ ಶ್ರುತಿಕವೆಯನ್ನು (ಟ್ಯೂನಿಂಗ್ ಫೋರ್ಕ್) ಬಡಿದು ಕೋಶಕ್ಕೆ ತಾಗಿಸಿ, ಕೆಳಗೆ ಕಪ್ಪು ಕಾಗದ ಹಿಡಿಯಿರಿ. ಬ್ಯಾಟರಿಯಿಂದ ನಡೆಯುವ ಹಲ್ಲುಜ್ಜುವ ಬ್ರಷ್ಷಿನಿಂದಲೂ ಆಗುತ್ತದೆ. ದುಂಬಿ ಬಾರದ ಹಸಿರುಮನೆಗಳಲ್ಲಿ ಟೊಮೆಟೊ ಬೆಳೆಯುವವರೂ ಹೀಗೆಯೇ ಹೂ ಅದುರಿಸುತ್ತಾರೆ.

ಇನ್ನು ಪಂಗಡಗಳು. ಕೋಶ ಉದ್ದವಾಗಿ ತುದಿಗೆ ಚೂಪಾಗುತ್ತ ಹೋಗಿದ್ದರೆ, ರಂಧ್ರ ಸೂಜಿಮೊನೆಯಷ್ಟಿದ್ದರೆ, ಗಿಡದಲ್ಲಿ ಮುಳ್ಳಿದ್ದರೆ ಅದು ಮುಳ್ಳು ಸೊಲಾನಮ್‌ಗಳ ದೊಡ್ಡ ಗುಂಪು, ಲೆಪ್ಟೋಸ್ಟಿಮೋನಮ್. ಎಲೆಯ ಅಡಿಯನ್ನು ಭೂತಗನ್ನಡಿಯಲ್ಲಿ ನೋಡಿ: ಈ ಗುಂಪಿನ ಬಹುತೇಕ ಗಿಡಗಳಲ್ಲಿ ಒಂದೇ ಬಿಂದುವಿನಿಂದ ಹಲವು ಕಡೆ ಚಾಚಿದ ನಕ್ಷತ್ರ ರೋಮಗಳಿರುತ್ತವೆ. ಕೋಶ ಗಿಡ್ಡವಾಗಿ ಮೊಂಡಾಗಿದ್ದು, ರಂಧ್ರ ಕ್ರಮೇಣ ಸೀಳಿನಂತೆ ಕೆಳಗೆ ಇಳಿದಿದ್ದರೆ, ಮುಳ್ಳಿಲ್ಲದಿದ್ದರೆ, ರೋಮ ಒಂಟಿ ಎಳೆಯಾಗಿದ್ದರೆ ಅದು ಗಣಿಕೆಯ ಗುಂಪು, ಮೊರೆಲಾಯ್ಡ್.

ಮುಳ್ಳಿನ ಬಗ್ಗೆ ಒಂದು ಮಾತು. ಇದು ಕರಿಜಾಲಿಯದರಂಥ ಮುಳ್ಳಲ್ಲ, ಹೊರಚರ್ಮದಿಂದ ಎದ್ದದ್ದು, ಪಕ್ಕಕ್ಕೆ ಒತ್ತಿದರೆ ಮುರಿದು ಬರುತ್ತದೆ. 2024ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಬದನೆ, ಗುಲಾಬಿ ಮುಂತಾದ ದೂರದೂರದ ಸಸ್ಯಗಳಲ್ಲೂ ಇಂಥ ಮುಳ್ಳು ಬರಲು ಲಾಗ್ ಎಂಬ ಒಂದೇ ಜೀನ್ ಬಳಗ ಕಾರಣವೆಂದು ತೋರಿಸಿತು. ಸಾಗುವಳಿಯಲ್ಲಿ ಆ ಜೀನ್ ಕೆಟ್ಟ ಬದನೆ ತಳಿಗಳು ಮುಳ್ಳು ಕಳೆದುಕೊಂಡವು. ನಮ್ಮ ಮುಳಗಾಯಿ ಇನ್ನೂ ಪೂರ್ತಿ ಬಿಟ್ಟುಕೊಟ್ಟಿಲ್ಲ.

*ಮುಳ್ಳಿನ ಗುಂಪು.* ನೆಲಕ್ಕೆ ಚಪ್ಪಟೆಯಾಗಿ ಹರಡಿ, ಆಳವಾಗಿ ಸೀಳಿದ ಎಲೆಯ ನರಗಳ ಮೇಲೂ ಉದ್ದನೆಯ ನೇರ ಹಳದಿ ಮುಳ್ಳು ಹೊತ್ತು, ಹಸಿರು ಬಿಳಿ ಪಟ್ಟೆಯ ಕಾಯಿ ಬಿಟ್ಟಿದ್ದರೆ ನೆಲಗುಳ್ಳ, ಸೊಲಾನಮ್ ವರ್ಜಿನಿಯಾನಮ್. ಹಣ್ಣಾದಾಗ ಹಳದಿ. ಒಣಬೀಜದ ಹೊಗೆಯನ್ನು ಹಲ್ಲುನೋವಿಗೆ ಹಿಡಿಯುವ ವಾಡಿಕೆ ಹಳ್ಳಿಗಳಲ್ಲಿದೆ, ಅನುಕರಿಸಲು ಹೇಳುತ್ತಿಲ್ಲ. ನೆಟ್ಟಗೆ ನಿಂತ ಪೊದೆ, ಕೊಕ್ಕೆಯಂತೆ ಬಾಗಿದ ಮುಳ್ಳು, ನೇರಳೆ ಹೂ, ಒಂದು ಸೆಂಟಿಮೀಟರ್ ಆಸುಪಾಸಿನ ಕಿತ್ತಳೆ ಹಣ್ಣು ಇದ್ದರೆ ಗುಳ್ಳ ಅಥವಾ ಬೃಹತಿ, ಸೊಲಾನಮ್ ವಯೊಲೇಸಿಯಮ್. ಗಣೇಶ ಚೌತಿಯ 21 ಪತ್ರಿಗಳಲ್ಲಿ ಬೃಹತಿಯೂ ಒಂದು, ದತ್ತೂರವೂ ಒಂದು, ಅಂದರೆ ಬದನೆ ಕುಟುಂಬಕ್ಕೆ ಎರಡು ಸ್ಥಾನ. ಆಯುರ್ವೇದದ ದಶಮೂಲದಲ್ಲಿ ಬೃಹತಿ ಮತ್ತು ಕಂಟಕಾರಿ, ಅಂದರೆ ಗುಳ್ಳ ಮತ್ತು ನೆಲಗುಳ್ಳ, ಒಟ್ಟಿಗೆ ಬರುತ್ತವೆ.

ಆಳೆತ್ತರ ಮೀರಿದ ಪೊದೆ, ಅಲ್ಲೊಂದು ಇಲ್ಲೊಂದು ಮುಳ್ಳು, ಒತ್ತಾದ ಬಿಳಿ ಹೂಗೊಂಚಲು, ಹಣ್ಣಾದರೂ ಹೆಚ್ಚೇನೂ ಬಣ್ಣ ತಾಳದ ಕಾಯಿಗಳು: ಸೊಂಡೆ, ಸೊಲಾನಮ್ ಟಾರ್ವಮ್. ಇದು ಅಮೆರಿಕ ಖಂಡದಿಂದ ಬಂದದ್ದು. ಬೇರು ಗಟ್ಟಿ, ಮಣ್ಣಿನಿಂದ ಬರುವ ಬಾಡುರೋಗ ತಡೆಯುತ್ತದೆ ಎಂದು ಬದನೆ ಕಸಿ ಕಟ್ಟಲು ಬುಡಗಿಡವಾಗಿ ಬಳಸುತ್ತಾರೆ. ಕಾಯಿಗೆ ನೆಲಗುಳ್ಳದ ಹೋಲಿಕೆಯಿದ್ದು ಗಿಡ ನೆಟ್ಟಗಿದ್ದರೆ ಕಾಡು ಬದನೆ, ಸೊಲಾನಮ್ ಇನ್ಸಾನಮ್, ಇರಬಹುದು. ನಾವು ತಿನ್ನುವ ಬದನೆಯ ಮೂಲ ಇದೇ. ಕಾಯಿ ಎಳೆಯದಿದ್ದಾಗ ಕಲ್ಲಂಗಡಿಯ ಬಣ್ಣ, ಹೂ ಬಿಳಿ, ಎಲೆತುಂಬ ಒಂಟಿ ರೋಮ ಇದ್ದರೆ ಸೊಲಾನಮ್ ವಯಾರಮ್. ಸ್ಟೀರಾಯ್ಡ್ ಔಷಧಿಗಳಿಗೆ ಬೇಕಾಗುವ ಸೊಲಾಸೊಡೀನ್‌ಗಾಗಿ ಇದನ್ನು ಬೆಳೆಸಿದ್ದೂ ಉಂಟು.

ಎಲೆ ಬೆಳ್ಳಿ ಬಣ್ಣಕ್ಕಿದ್ದು, ಹೂ ನೇರಳೆಯಾಗಿದ್ದು, ಹೊಲದೊಳಗೇ ಹಬ್ಬುತ್ತಿದ್ದರೆ ಸೊಲಾನಮ್ ಎಲಿಯಾಗ್ನಿಫೋಲಿಯಮ್ ಅನುಮಾನ ಪಡಿ. ಬೇರಿನ ಚೂರಿನಿಂದಲೂ ಚಿಗುರುವ ಕಳೆ, ಕುಂಟೆ ಹೊಡೆದಷ್ಟೂ ಹೆಚ್ಚುತ್ತದೆ. ಹೊಲದವರಿಗೆ ಹೇಳದೆ ಬರಬೇಡಿ.

ನಕ್ಷತ್ರ ರೋಮ ಇದೆ, ಮುಳ್ಳು ಒಂದೂ ಇಲ್ಲ, ಎಲೆ ಕಂಬಳಿಯಷ್ಟು ಮೆತ್ತಗಿದೆ, ಕೋಶ ಗಿಡ್ಡ. ಎರಡೂ ಗುಂಪಿಗೆ ಸೇರದ ಈ ಗಿಡ ಸೊಲಾನಮ್ ಎರಿಯಾಂಥಮ್. ಇದರದು ಬ್ರೆವಾಂಥೆರಮ್ ಎಂಬ ಮೂರನೆಯ ಪಂಗಡ.

*ಗಣಿಕೆಯ ಗುಂಪು.* ಗಣಿಕೆ, ಕಾಗಿಹಣ್ಣು ಎಂದು ನಾವು ಒಂದೇ ಹೆಸರಿನಲ್ಲಿ ಕರೆಯುವುದರೊಳಗೆ ಕನಿಷ್ಠ ಮೂರು ಪ್ರಭೇದಗಳಿವೆ. ವರ್ಣತಂತುಗಳ ಲೆಕ್ಕದಲ್ಲಿ ಅವು ಮೆಟ್ಟಿಲು ಮೆಟ್ಟಿಲಾಗಿವೆ: ಸೊಲಾನಮ್ ಅಮೆರಿಕಾನಮ್‌ಗೆ 24, ವಿಲ್ಲೋಸಮ್‌ಗೆ 48, ನೈಗ್ರಮ್‌ಗೆ 72. ಹೊಲದಲ್ಲಿ ವರ್ಣತಂತು ಎಣಿಸಲಾಗದು, ಹಣ್ಣು ನೋಡಿ. ಕಿತ್ತಳೆ ಅಥವಾ ಕೆಂಪಾಗಿದ್ದು ಬೆಳಕಿಗೆ ಹಿಡಿದರೆ ಬೀಜ ಕಾಣುವಂತಿದ್ದರೆ ವಿಲ್ಲೋಸಮ್. ಕಪ್ಪಾಗಿ ಮಿರಮಿರ ಹೊಳೆಯುತ್ತಿದ್ದು, ಟೊಪ್ಪಿಗೆಯ ಹಲ್ಲುಗಳು ಹಣ್ಣಿನಿಂದ ದೂರ ಹಿಂದಕ್ಕೆ ಮಡಚಿದ್ದು, ಹಣ್ಣಿನ ತೊಟ್ಟುಗಳೆಲ್ಲ ಹೆಚ್ಚುಕಡಿಮೆ ಒಂದೇ ಬಿಂದುವಿನಿಂದ ಹೊರಟಿದ್ದರೆ ಅಮೆರಿಕಾನಮ್. ಕಪ್ಪಾಗಿ ಮಂಕಾಗಿದ್ದು, ತೊಟ್ಟುಗಳು ಕಾಂಡದ ಮೇಲೆ ಸ್ವಲ್ಪ ಸ್ವಲ್ಪ ಅಂತರದಲ್ಲಿದ್ದರೆ ನೈಗ್ರಮ್. ಇಲ್ಲೂ ಟೊಪ್ಪಿಗೆಯೇ ಕೈಹಿಡಿಯುವುದು.

ಗಣಿಕೆ ಸೊಪ್ಪಿನ ಸಾರು, ಪಲ್ಯ ಉಂಡವರು ಇದು ವಿಷದ ಕುಟುಂಬ ಎಂದಾಗ ನಗುತ್ತಾರೆ. ಬೇಯಿಸಿದ ಸೊಪ್ಪು, ಪೂರ್ತಿ ಮಾಗಿದ ಹಣ್ಣು ತಿನ್ನುವ ರೂಢಿ ಇದೆ ನಿಜ. ಹಸಿರು ಕಾಯಿಯಲ್ಲಿ ಸೊಲನೀನ್ ಬಳಗದ ವಿಷ ಹೆಚ್ಚು, ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ. ಇಂಗ್ಲಿಷ್ ಕತೆಗಳಲ್ಲಿ ಬರುವ ಬೆಲ್ಲಡೋನಾ ಇದಲ್ಲ. ಅದು ಯುರೋಪಿನ ಗಿಡ, ನಮ್ಮ ಬಯಲಿನಲ್ಲಿ ಬೆಳೆಯುವುದಿಲ್ಲ.

ಹಂತ 6: ಮೂರು ದತ್ತೂರಿಗಳನ್ನು ಬೇರ್ಪಡಿಸಿ

ಮದಗುಣಕಿ, ಉಮ್ಮತ್ತಿ, ದತ್ತೂರಿ ಎಂಬ ಹೆಸರುಗಳು ಮೂರಕ್ಕೂ ಓಡಾಡುತ್ತವೆ, ಹಾಗಾಗಿ ಕಾಯಿ ನೋಡದೆ ತೀರ್ಮಾನ ಬೇಡ. ಕಾಯಿ ಮೇಲ್ಮುಖವಾಗಿ ನಿಂತು, ಒಣಗಿದಾಗ ಅಚ್ಚುಕಟ್ಟಾಗಿ ನಾಲ್ಕು ಹೋಳಾಗಿ ಬಿರಿದು, ಬೀಜ ಕಪ್ಪಾಗಿದ್ದರೆ ದತ್ತೂರಾ ಸ್ಟ್ರಮೋನಿಯಮ್. ಅದರ ಹೂವೂ ಚಿಕ್ಕದು, 10 ಸೆಂಟಿಮೀಟರ್ ದಾಟುವುದಿಲ್ಲ, ಎಲೆಯಂಚಿಗೆ ಒರಟು ಹಲ್ಲು. ಕಾಯಿ ತಲೆ ಬಾಗಿಸಿ, ಸಣ್ಣ ಚೂಪು ಮುಳ್ಳುಗಳಿಂದ ತುಂಬಿ, ಅಡ್ಡಾದಿಡ್ಡಿಯಾಗಿ ಒಡೆದು, ಗಿಡವೆಲ್ಲ ಮೆತ್ತನೆಯ ರೋಮದಿಂದ ಬೂದಾಗಿದ್ದರೆ ಇನ್ನಾಕ್ಸಿಯಾ. ಅದರ ಹೂವಿನ ಅಂಚಿನಲ್ಲಿ ಐದರ ಬದಲು ಹತ್ತು ಮೊನೆ ಕಾಣುತ್ತವೆ. ಕಾಯಿಯ ಮೇಲೆ ಮುಳ್ಳಿಗಿಂತ ಮೊಂಡು ಗಂಟುಗಳೇ ಇದ್ದು, ಗಿಡ ನುಣುಪಾಗಿದ್ದರೆ ಮೆಟೆಲ್. ಹೊರಗೆ ನೇರಳೆ, ಒಳಗೆ ಬಿಳಿ, ಒಂದರೊಳಗೊಂದು ಪೀಪಿ ಹೊಂದಿಸಿದ ಹೂ ಬಿಡುವ ಕರಿ ಉಮ್ಮತ್ತಿ ಈ ಮೆಟೆಲ್‌ನದೇ ತಳಿ. ಶಿವನ ಪೂಜೆಗೆಂದು ಗುಡಿಗಳ ಸುತ್ತ ಬೆಳೆಸುವುದು ಹೆಚ್ಚಾಗಿ ಇದನ್ನೇ.

ಹೂ ಅರಳುವುದು ಸಂಜೆ. ಅರಳುವಾಗ ತಿರುಚಿಟ್ಟ ಮೊಗ್ಗು ಬಿಚ್ಚಿಕೊಳ್ಳುವುದನ್ನು ನೋಡಬಹುದು. ಆಮೇಲೆ ಉದ್ದ ಸೊಂಡಿಲಿನ ಹಾಕ್ ಪತಂಗಗಳು ಬರುತ್ತವೆ. ಅಂದಹಾಗೆ ದತ್ತೂರಾ ಕುಲದ ಮೂಲ ಅಮೆರಿಕ ಖಂಡ ಎಂದು ವಂಶವಾಹಿ ಸಾಕ್ಷ್ಯ ಹೇಳುತ್ತದೆ. ಸಂಸ್ಕೃತ ಗ್ರಂಥಗಳಲ್ಲಿ ಧತ್ತೂರದ ಉಲ್ಲೇಖ ಕೊಲಂಬಸ್‌ಗಿಂತ ಎಷ್ಟೋ ಹಳೆಯದು. ಮೆಟೆಲ್ ಇಲ್ಲಿಗೆ ಯಾವಾಗ, ಹೇಗೆ ಬಂತು ಎಂಬ ಚರ್ಚೆ ವಿದ್ವಾಂಸರಲ್ಲಿ ಮುಗಿದಿಲ್ಲ. ಹೂ ನೆಲದ ಕಡೆ ಜೋತುಬಿದ್ದಿದ್ದರೆ, ಗಿಡ ಮರದಂತಿದ್ದರೆ ಅದು ದತ್ತೂರಿಯಲ್ಲ, ಬಂಗಲೆ ತೋಟಗಳ ಬ್ರುಗ್‌ಮ್ಯಾನ್ಸಿಯಾ. ವಿಷದಲ್ಲಿ ಮಾತ್ರ ಏನೂ ಕಡಿಮೆಯಿಲ್ಲ.

ಹಂತ 7: ಉಳಿದ ನಾಲ್ಕು

ಗುಪ್ಪಟೆಗಳಲ್ಲಿ ಹೂವಿನ ಒಳಗೆ ನೋಡಿ. ಹಳದಿ ಹೂವಿನಲ್ಲಿ ಐದು ದಟ್ಟ ಕಂದು ಮಚ್ಚೆ, ಎಲೆ ಮಖಮಲ್ಲಿನಂತೆ ರೋಮಭರಿತ, ಹಣ್ಣು ಕಿತ್ತಳೆ ಹಳದಿ: ಮಾರುಕಟ್ಟೆಯ ರಸಭರಿ, ಫೈಸಾಲಿಸ್ ಪೆರುವಿಯಾನಾ. ಹೂ ಮಾಸಲು ಹಳದಿ, ಚಿಕ್ಕದು, ಗಿಡ ನುಣುಪು, ಕಾಂಡಕ್ಕೆ ಏಣು: ಫೈಸಾಲಿಸ್ ಅಂಗುಲಾಟಾ. ನಮ್ಮ ಹೊಲದ ಗುಪ್ಪಟೆಗೆ ಹಿಂದೆ ಮಿನಿಮಾ ಎಂದು ಬರೆಯುತ್ತಿದ್ದರು. ಆ ಹೆಸರಿನ ಬಗ್ಗೆ ತಕರಾರಿದೆ, ಹಾಗಾಗಿ ಸಂಶಯ ಬಂದರೆ ಕುಲದ ಹೆಸರಿಗೇ ನಿಲ್ಲಿಸುವುದು ಲೇಸು.

ಹಿರೇಮದ್ದಿನ ಹೂ ಹಸಿರು ಹಳದಿ, ಎಲೆಯ ಕಂಕುಳಲ್ಲಿ ನಾಲ್ಕಾರು ಒಟ್ಟಿಗೆ ಅಡಗಿರುತ್ತವೆ, ಹುಡುಕಿದರೆ ಮಾತ್ರ ಸಿಗುತ್ತವೆ. ರೋಮ ಕವಲೊಡೆದದ್ದು. ನಿಕಾಂಡ್ರಾದ್ದು ತಿಳಿನೀಲಿ ಗಂಟೆ ಹೂ, ಗಂಟಲು ಬಿಳಿ. ಅಂಡಾಶಯದಲ್ಲಿ ಎರಡರ ಬದಲು ಮೂರರಿಂದ ಐದು ಕೋಣೆ. ಕಾಡು ಹೊಗೆಸೊಪ್ಪು, ನಿಕೋಟಿಯಾನಾ ಪ್ಲಂಬಾಜಿನಿಫೋಲಿಯಾ, ನೆಲಕ್ಕಂಟಿದ ಎಲೆಗಳ ಸುತ್ತು, ಮೇಲೆ ತೆಳ್ಳನೆ ಕಡ್ಡಿ, ಅದರಲ್ಲಿ ಉದ್ದ ಕೊಳವೆಯ ಮಸುಕು ಹೂ. ನಿಪ್ಪಾಣಿಯ ತಂಬಾಕು ಇದೇ ಕುಲದ ಬೇರೆ ಪ್ರಭೇದ.

ಹಂತ 8: ವಂಶದಲ್ಲಿ ಜಾಗ ಕೊಡಿ

ಹೆಸರು ಸಿಕ್ಕ ಮೇಲೆ ಅದು ಯಾರ ಪಕ್ಕ ಕೂರಬೇಕು ಎಂಬುದು ಉಳಿಯುತ್ತದೆ. ಈ ಕುಟುಂಬಕ್ಕೆ ಸೊಲನೇಸಿ ಎಂದು ಹೆಸರಿಟ್ಟವರು ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಜುಸ್ಯೂ, 1789ರಲ್ಲಿ. ಕಾಲೇಜುಗಳಲ್ಲಿ ಬಹುಕಾಲ ಕಲಿಸಿದ್ದು ಎರಡೇ ಉಪಕುಟುಂಬ: ಬೀಜದೊಳಗಿನ ಭ್ರೂಣ ಬಾಗಿದ್ದರೆ ಸೊಲನಾಯ್ಡಿ, ನೆಟ್ಟಗಿದ್ದರೆ ಸೆಸ್ಟ್ರಾಯ್ಡಿ. ಡಿಎನ್‌ಎ ಬಂದ ಮೇಲೆ ಎರಡನೆಯದು ಒಡೆದು ಹಲವಾಯಿತು. ಹೊಗೆಸೊಪ್ಪು ತನ್ನದೇ ನಿಕೋಟಿಯಾನಾಯ್ಡಿ ಉಪಕುಟುಂಬಕ್ಕೆ ಹೋಯಿತು, ರಾತ್ರಿರಾಣಿ ಸೆಸ್ಟ್ರಾಯ್ಡಿಯಲ್ಲೇ ಉಳಿಯಿತು. ನಾವು ನೋಡಿದ ಉಳಿದವೆಲ್ಲ ಸೊಲನಾಯ್ಡಿ. ಹೊಗೆಸೊಪ್ಪು ಮತ್ತು ಸೊಲನಾಯ್ಡಿ ಎರಡರ ಮೂಲ ವರ್ಣತಂತು ಸಂಖ್ಯೆ 12, ಆದ್ದರಿಂದ ಅವು ಒಂದಕ್ಕೊಂದು ಹತ್ತಿರ. ಗಣಿಕೆಯ 24, 48, 72ರ ಗುಟ್ಟೂ ಈ ಹನ್ನೆರಡೇ.

ಸೊಲನಾಯ್ಡಿಯ ಒಳಗೆ ಬುಡಕಟ್ಟುಗಳು, ಅಂದರೆ ಹತ್ತಿರದ ಕುಲಗಳ ಗುಂಪುಗಳು: ದತ್ತೂರಿಯದು ದತ್ತೂರಿಯೇ (Datureae), ನಿಕಾಂಡ್ರಾದ್ದು ನಿಕಾಂಡ್ರಿಯೇ (Nicandreae), ಗುಪ್ಪಟೆ ಮತ್ತು ಹಿರೇಮದ್ದಿನದು ಫೈಸಾಲಿಡಿಯೇ, ಮೆಣಸಿನಕಾಯಿಯದು ಕ್ಯಾಪ್ಸಿಸಿಯೇ, ಗುಳ್ಳ, ಗಣಿಕೆ, ಆಲೂಗಡ್ಡೆ, ಟೊಮೆಟೊಗಳದು ಸೊಲನಿಯೇ. ಗುಪ್ಪಟೆ ಮತ್ತು ಹಿರೇಮದ್ದು ಒಂದೇ ಬುಡಕಟ್ಟು, ಎರಡಕ್ಕೂ ಬುಟ್ಟಿ. ನಿಕಾಂಡ್ರಾದ ಬುಟ್ಟಿ ಸೀಳಿದ್ದು, ಬುಡಕಟ್ಟೂ ಬೇರೆ. ಹಂತ 4ರಲ್ಲಿ ಕಣ್ಣಳತೆಯಿಂದ ಮಾಡಿದ ವಿಂಗಡಣೆ ಡಿಎನ್‌ಎ ಮುಂದೆಯೂ ಇಷ್ಟರಮಟ್ಟಿಗೆ ನಿಲ್ಲುತ್ತದೆ.

ಹಳೆಯ ಹೆಸರುಗಳು ಕಾಡಿಯೇ ಕಾಡುತ್ತವೆ. ಧಾರವಾಡ ಆಗ ಮುಂಬೈ ಪ್ರಾಂತ್ಯದಲ್ಲಿದ್ದುದರಿಂದ ನಮ್ಮ ಸೀಮೆಗೆ ಥಿಯೋಡೋರ್ ಕುಕ್ 1901ರಿಂದ 1908ರವರೆಗೆ ಹೊರತಂದ ಆ ಪ್ರಾಂತ್ಯದ ಸಸ್ಯಸಂಪುಟಗಳೇ ಮೊದಲ ಆಸರೆ. ಹಳೆಯ ಪುಸ್ತಕಗಳ ಸೊಲಾನಮ್ ಜಾಂಥೋಕಾರ್ಪಮ್, ಸುರಟೆನ್ಸ್ ಎರಡೂ ಇಂದಿನ ವರ್ಜಿನಿಯಾನಮ್. ಗಿಡ ಏಷ್ಯಾದ್ದು, ಹೆಸರು ಅಮೆರಿಕದ ವರ್ಜಿನಿಯಾದ್ದು. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಇಟ್ಟದ್ದು, ಮೊದಲು ಇಟ್ಟ ಹೆಸರಿಗೇ ಹಕ್ಕು. ಆಯುರ್ವೇದದ ಪುಸ್ತಕಗಳಲ್ಲಿ ಇಂದಿಗೂ ಕಾಣುವ ಸೊಲಾನಮ್ ಇಂಡಿಕಮ್ ಅಧಿಕೃತವಾಗಿ ಕೈಬಿಟ್ಟ ಹೆಸರು. ಟೊಮೆಟೊವನ್ನು ಬಹುಕಾಲ ಲೈಕೊಪರ್ಸಿಕಾನ್ ಎಂದು ಬೇರೆ ಕುಲ ಮಾಡಿದ್ದರು, 1993ರಲ್ಲಿ ಕ್ಲೋರೋಪ್ಲಾಸ್ಟ್ ಡಿಎನ್‌ಎ ನೋಡಿ ಮತ್ತೆ ಸೊಲಾನಮ್‌ಗೆ ತಂದರು. ಇಂದಿನ ಹೆಸರು ಯಾವುದೆಂದು ನೋಡಲು ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಪ್ಲಾಂಟ್ಸ್ ಆಫ್ ದಿ ವರ್ಲ್ಡ್ ಆನ್‌ಲೈನ್ ಸಾಕು.

ಹಂತ 9: ಬರೆದಿಡಿ, ಒಣಗಿಸಿಡಿ

ಒಂದು ಗಿಡಕ್ಕೆ ಆರು ಫೋಟೋ: ಪೂರ್ತಿ ಗಿಡ, ಹೂ ಎದುರಿನಿಂದ, ಹೂ ಪಕ್ಕದಿಂದ, ಟೊಪ್ಪಿಗೆ ಕಾಣುವಂತೆ ಕಾಯಿ, ಅಡ್ಡ ಕೊಯ್ದ ಕಾಯಿ, ಎಲೆಯ ಅಡಿ. ಪಟ್ಟಿ ಪಕ್ಕದಲ್ಲಿರಲಿ. ಜನ ಹಾಕುವುದು ಹೂವಿನ ಮುಖದ ಒಂದೇ ಫೋಟೋ, ಅದರಿಂದ ಪ್ರಭೇದ ಹೇಳುವುದು ಆಗದ ಮಾತು.

ಊರ ಹಿರಿಯರನ್ನು ಕೇಳಿ: "ಅಜ್ಜಾರ, ಈ ಗಿಡಕ್ಕ ನಿಮ್ಮೂರಾಗ ಏನಂತೀರಿ?" "ಏನೋ ಕಸಾ ಐತಿ, ಬಿಡ್ರೀ" ಎಂಬ ಉತ್ತರ ಬಂದರೂ ಬಿಡಬೇಡಿ, ಪಕ್ಕದ ಮನೆಯ ಅಮ್ಮನಿಗೆ ಗೊತ್ತಿರುತ್ತದೆ. ಅವರು ಉಚ್ಚರಿಸಿದ ಹಾಗೆಯೇ ಬರೆದುಕೊಳ್ಳಿ, ಊರಿನ ಹೆಸರು ಜೊತೆಗಿರಲಿ.

ಮಾದರಿ ಒಣಗಿಸುವುದಾದರೆ ಒಂದು ಎಲೆಯ ಬೆನ್ನು ಮೇಲೆ ಬರುವಂತೆ ಪೇಪರಿನಲ್ಲಿ ಹರಡಿ ಭಾರ ಹೇರಿ. ಮೊದಲ ವಾರ ದಿನಾ ಪೇಪರ್ ಬದಲಿಸಿ, ಮಳೆಗಾಲದಲ್ಲಿ ಬೂಸ್ಟು ಹಿಡಿಯಲು ಒಂದು ರಾತ್ರಿ ಸಾಕು. ರಸದ ಹಣ್ಣನ್ನು ಹಾಗೇ ಒತ್ತಿದರೆ ಹಾಳೆಯೇ ಹಾಳು. ಅರ್ಧ ಕೊಯ್ದು ಬೇರೆ ಮಡಿಕೆಯಲ್ಲಿ ಒಣಗಿಸಿ, ಬೀಜಗಳನ್ನು ಪುಟ್ಟ ಲಕೋಟೆಯಲ್ಲಿಟ್ಟು ಅಂಟಿಸಿ. ಹಣ್ಣಿನ ಮತ್ತು ಹೂವಿನ ಬಣ್ಣ ಒಣಗಿದ ಮೇಲೆ ಉಳಿಯುವುದಿಲ್ಲ, ಅದನ್ನು ಸ್ಥಳದಲ್ಲೇ ಬರೆಯಬೇಕು. ಚೀಟಿಯಲ್ಲಿ ದಿನಾಂಕ, ಊರು, ತಾಲೂಕು, ಮಣ್ಣು ಎರಿಯೋ ಮಸಾರಿಯೋ, ಗಿಡದ ಎತ್ತರ, ಸ್ಥಳೀಯ ಹೆಸರು, ಸಂಗ್ರಹಿಸಿದವರ ಹೆಸರು ಇಷ್ಟಿರಲಿ. ಹಾಳೆಯ ಅಳತೆ ಸುಮಾರು 42×28 ಸೆಂಟಿಮೀಟರ್.

ಬಿಡಿಸಲಾಗದ ಗಂಟು ಉಳಿದರೆ ಒಣಗಿದ ಹಾಳೆ ಮತ್ತು ಫೋಟೋ ಎರಡನ್ನೂ ಹಿಡಿದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದಲ್ಲಿ ಕೇಳಿ. ಮೆಣಸಿನಕಾಯಿ, ಟೊಮೆಟೊ ಬೆಳೆಯುವವರು ಬದುವಿನ ಗಣಿಕೆ, ಗುಪ್ಪಟೆ, ದತ್ತೂರಿಗಳ ಎಲೆ ಮುದುಡಿದ್ದು ಕಂಡರೆ ಕೃಷಿ ವಿಶ್ವವಿದ್ಯಾಲಯದವರಿಗೂ ತೋರಿಸಿ. ಬಂಧುಗಳಾದ್ದರಿಂದ ಎಲೆಮುದುಡು ರೋಗದ ವೈರಸ್ ಬೆಳೆಯಿಲ್ಲದ ತಿಂಗಳುಗಳಲ್ಲಿ ಇವುಗಳಲ್ಲಿ ಉಳಿದು, ಬಿಳಿನೊಣದ ಮೂಲಕ ಮುಂದಿನ ಹಂಗಾಮಿನ ಸಸಿಗಳಿಗೆ ದಾಟಬಲ್ಲದು. ಅಂಥ ಗಿಡವನ್ನು ಮಾದರಿಯೆಂದು ಒಯ್ಯುವಾಗ ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿ ಒಯ್ಯಿರಿ, ಬಿಳಿನೊಣ ದಾರಿಯ ಹೊಲಗಳಿಗೆ ಇಳಿಯದಿರಲಿ.